ಬಾಗು ಮುರಿದ ಅಕ್ಷರ

ನನ್ನ ಕೆಲಸ ಏನೆಂದು ನಮ್ಮ ಬೀದಿಯಲ್ಲಿ ಯಾರಿಗೂ ಸರಿಯಾಗಿ ಗೊತ್ತಿಲ್ಲ. ಶಿವಮೊಗ್ಗದ ಗೋಪಾಳದ ಈ ಮನೆಯ ಮಹಡಿಗೆ ನಾನೂ ಅಮ್ಮನೂ ಬಾಡಿಗೆಗೆ ಬಂದಾಗ ಕೆಳಗಿನ ಮನೆಯಾಕೆ ಕೇಳಿದ್ದರು. "ಅಕ್ಷರ ಬರೀತೀನಿ" ಎಂದೆ. "ಓ, ಮನೆಪಾಠನಾ? ನಮ್ಮ ಮೊಮ್ಮಗಳಿಗೂ ಹೇಳ್ಕೊಡಿ ಹಾಗಾದ್ರೆ" ಎಂದರು. ಪಾಠವಲ್ಲ, ಕಂಪ್ಯೂಟರಿನಲ್ಲಿ ಟೈಪ್ ಮಾಡಿದರೆ ಮೂಡುತ್ತವಲ್ಲ, ಆ ಅಕ್ಷರಗಳ ಆಕಾರ ಬರೆಯುವುದು ಎಂದು ವಿವರಿಸಿದೆ. ಅವರು ನನ್ನ ಮುಖ ನೋಡಿ, "ಅವು ಆಗ್ಲೇ ಇದಾವಲ್ಲಮ್ಮ?" ಎಂದರು.

ಮೊದಲು ನಾನು ದುರ್ಗಿಗುಡಿಯ ಒಂದು ಪ್ರೆಸ್ಸಿನಲ್ಲಿ ಡಿ.ಟಿ.ಪಿ. ಮಾಡುತ್ತಿದ್ದೆ. ಮದುವೆ ಕಾರ್ಡು, ನಾಮಕರಣದ ಕಾರ್ಡು, ಸಹಕಾರ ಸಂಘದ ವರದಿ, ವೈಕುಂಠ ಸಮಾರಾಧನೆಯ ಕರೆಯೋಲೆ. ಅಲ್ಲಿದ್ದ ಫಾಂಟುಗಳಲ್ಲಿ ಒಂದರ 'ಳ' ನನಗೆ ಸರಿಬರುತ್ತಿರಲಿಲ್ಲ, ಇನ್ನೊಂದರ 'ಕ್ಷ' ಕುಂಟುತ್ತಿತ್ತು. ಬಿಡುವಾದಾಗ ತಿದ್ದುತ್ತ ಕೂರುತ್ತಿದ್ದೆ. ತಿದ್ದುತ್ತ ತಿದ್ದುತ್ತ ಅದೇ ಕಸುಬಾಯಿತು. ಪ್ರೆಸ್ಸು ಮುಚ್ಚಿದ ಮೇಲೆ ಪುಣೆಯ ಒಂದು ಕಂಪನಿಗೆ ಮನೆಯಿಂದಲೇ ಅಕ್ಷರ ಬರೆದುಕೊಡತೊಡಗಿದೆ. ಅಲ್ಲಿಯವರ ಮುಖ ನಾನು ನೋಡಿಲ್ಲ. ಮೇಲ್ ಬರುತ್ತದೆ, ಮೇಲ್ ಹೋಗುತ್ತದೆ, ಅಷ್ಟೇ.

ಅಮ್ಮ ಇದ್ದಷ್ಟು ದಿನ ಮನೆಯಲ್ಲಿ ಮಾತಿತ್ತು. ಹಾಲಿನ ಪ್ಯಾಕೆಟ್ಟು ಒಡೆದದ್ದು, ಪಕ್ಕದ ಮನೆಯವರು ಕಾರನ್ನು ಗೇಟಿಗೆ ಅಡ್ಡ ನಿಲ್ಲಿಸಿದ್ದು, ಟೀವಿಯಲ್ಲಿ ಯಾರೋ ಉಟ್ಟ ಸೀರೆ, ಹೀಗೆ ಏನಾದರೂ ಒಂದು. ಅವಳು ಹೋದ ಮೇಲೆ ನನಗೊಂದು ವಿಷಯ ಗೊತ್ತಾಯಿತು. ಮಾತಾಡದೆ ಇದ್ದರೆ ಗಂಟಲು ಕಟ್ಟುತ್ತದೆ. ಮಧ್ಯಾಹ್ನ ಗ್ಯಾಸಿನವನು ಬಂದು ಬೆಲ್ ಒತ್ತಿದಾಗ "ಬಂದೆ" ಎನ್ನಲು ಹೋದರೆ ದನಿ ಒಡೆದು ಗೊಗ್ಗರಾಗಿ ಬರುತ್ತಿತ್ತು. ಆಗ ನೆನಪಾಗುತ್ತಿತ್ತು, ಇವತ್ತು ಬಾಯಿಂದ ಬಂದ ಮೊದಲ ಮಾತೇ ಇದು ಎಂದು. ಅಂಥ ದಿನಗಳಲ್ಲಿ ಬೇಕೆಂದೇ ತರಕಾರಿಯವನ ಹತ್ತಿರ ಬದನೆಕಾಯಿ ಬಗ್ಗೆ ಎರಡು ಮಾತು ಹೆಚ್ಚಿಗೆ ಆಡುತ್ತಿದ್ದೆ.

ನಾನೀಗ ಹೇಳಹೊರಟ ಅಕ್ಷರದ ಕೆಲಸ ಬಂದದ್ದು ಆ ಕಾಲದಲ್ಲಿ. ಕಂಪನಿಯವರು ಇಂಗ್ಲಿಷಿಗೆ ಒಂದು ಫಾಂಟು ಮಾಡಿಟ್ಟಿದ್ದರು. ಅದಕ್ಕೆ ಜೊತೆಯಾಗಿ ನಿಲ್ಲುವ ಕನ್ನಡ ಬೇಕಿತ್ತು. ತೆರೆದು ನೋಡಿದರೆ ಪ್ರೆಸ್ಸಿನಲ್ಲಿ ನಾವು 'ಓಲ್ಡ್ ಇಂಗ್ಲಿಷ್' ಎನ್ನುತ್ತಿದ್ದ ಬಗೆಯದು. ಬ್ಲಾಕ್‌ಲೆಟರ್ ಎಂಬುದು ಅದರ ಇನ್ನೊಂದು ಹೆಸರು. ಹೆಸರು ಗೊತ್ತಿಲ್ಲದಿದ್ದರೂ ಎಲ್ಲರೂ ನೋಡಿರುತ್ತಾರೆ. ಕೆಲವು ಇಂಗ್ಲಿಷ್ ಪತ್ರಿಕೆಗಳ ತಲೆಯ ಮೇಲಿನ ಹೆಸರು, ಕಾಲೇಜಿನ ಸರ್ಟಿಫಿಕೇಟು, ಹುಡುಗರ ತೋಳಿನ ಟ್ಯಾಟೂ, ಬೈಕಿನ ಪೆಟ್ರೋಲ್ ಟ್ಯಾಂಕು, ಇಂಥ ಕಡೆಯೆಲ್ಲ ಇರುತ್ತದೆ. ಯೂರೋಪಿನಲ್ಲಿ ಅಗಲ ಮೂತಿಯ ಲೇಖನಿಯಿಂದ ಪುಸ್ತಕಗಳನ್ನು ನಕಲು ಮಾಡುತ್ತಿದ್ದ ಕಾಲದ ಬರವಣಿಗೆ ಅದು. ಲೇಖನಿಯನ್ನು ಓರೆಯಾಗಿ ಹಿಡಿದು ಕೆಳಗೆಳೆದರೆ ದಪ್ಪ ಗೆರೆ ಬರುತ್ತದೆ, ಪಕ್ಕಕ್ಕೆ ಜಾರಿಸಿದರೆ ಕೂದಲಿನಂಥ ಗೆರೆ. ಅದರಲ್ಲಿ ಬಾಗು ಎಂಬುದೇ ಕಡಿಮೆ. ಗೆರೆ ತಿರುಗಬೇಕಾದ ಕಡೆಯೆಲ್ಲ ಮುರಿದು ಮೂಲೆಯಾಗುತ್ತದೆ. ಗೆರೆಗಳು ಬೇಲಿಯ ಗೂಟಗಳಂತೆ ಒತ್ತೊತ್ತಾಗಿ ನಿಂತು ಪುಟವೆಲ್ಲ ಕಪ್ಪಗೆ ಕಾಣುತ್ತದೆ. ಉದ್ದ ಬರಹಕ್ಕೆ ಅದನ್ನು ಈಗ ಯಾರೂ ಬಳಸುವುದಿಲ್ಲ. ಒಂದೆರಡು ಪದವನ್ನು ದೊಡ್ಡದಾಗಿ, ಗತ್ತಿನಿಂದ ನಿಲ್ಲಿಸಬೇಕಾದಾಗ ಮಾತ್ರ.

ಕನ್ನಡ ನೋಡಿದರೆ ಪೂರ್ತಿ ದುಂಡು. 'ರ' ಬರೆಯಲು ಕಲಿಯುವ ಮಗು ಮೊದಲು ಸೊನ್ನೆ ಸುತ್ತುತ್ತದೆ. ಆ ಸೊನ್ನೆಯನ್ನೇ ಮುರಿಯಬೇಕು, ಮುರಿದರೂ ಅದು 'ರ' ಆಗಿಯೇ ಉಳಿಯಬೇಕು. ಬಿದಿರ ಕಡ್ಡಿಯನ್ನು ಅಗಲ ಮೂತಿ ಬರುವಂತೆ ಕತ್ತರಿಸಿ, ಶಾಯಿಯಲ್ಲಿ ಅದ್ದಿ, ಹಳೆಯ ಕ್ಯಾಲೆಂಡರ್ ಹಾಳೆಗಳ ಹಿಂಬದಿಯಲ್ಲಿ ಬರೆದು ನೋಡಿದೆ. ತಲಕಟ್ಟು ಒಂದು ಓರೆಯ ಹೊಡೆತವಾಯಿತು. ಅನುಸ್ವಾರದ ಸೊನ್ನೆ ಇಸ್ಪೀಟಿನ ಡೈಮಂಡಿನಂತಾಯಿತು. 'ಠ'ದ ಹೊಟ್ಟೆಯೊಳಗಿನ ಚುಕ್ಕೆಗೆ ಜಾಗವೇ ಉಳಿಯಲಿಲ್ಲ. 'ವು' ಬರೆದರೆ 'ಮ' ಎಂದು ಓದುವಂತಾಗುತ್ತಿತ್ತು. ಒತ್ತಕ್ಷರಗಳು ಕೆಳಗೆ ಜೋತುಬಿದ್ದು ಭಾರವಾಗುತ್ತಿದ್ದವು. ಗೆರೆಯ ಕಪ್ಪೂ ನಡುವಿನ ಬಿಳಿಯೂ ಸರಿಸಮ ಇರಬೇಕು ಎಂಬ ಒಂದು ನಿಯಮ ಹಾಕಿಕೊಂಡು, ಒಂದೊಂದೇ ಅಕ್ಷರವನ್ನು ಕೆಡವಿ ಕಟ್ಟಿದೆ. ಒಂದು ಮಳೆಗಾಲ ಪೂರ್ತಿ ಅದರಲ್ಲೇ ಹೋಯಿತು. ಇಡೀ ದಿನ ಒಂದು 'ಭ'ದ ಜೊತೆ ಕಳೆದು ಸಂಜೆ ಟೆರೇಸಿನ ಮೇಲೆ ನಿಂತರೆ, ಹೇಳಿಕೊಳ್ಳಲು ಏನೂ ಇರುತ್ತಿರಲಿಲ್ಲ. 'ಭ' ಇವತ್ತು ಚೆನ್ನಾಗಿ ಬಂತು ಎಂದು ಯಾರಿಗೆ ಹೇಳುವುದು?

ಫಾಂಟು ಹೊರಬಂತು. ಕಂಪನಿಯಿಂದ ಎರಡು ಸಾಲಿನ ಮೆಚ್ಚುಗೆಯ ಮೇಲ್ ಬಂತು. ಆಮೇಲೆ ಸುದ್ದಿಯಿಲ್ಲ. ಸಿಟಿ ಬಸ್ಸಿನಲ್ಲಿ ಹೋಗುವಾಗ ಅಂಗಡಿಗಳ ಬೋರ್ಡು ನೋಡುವುದು ನನ್ನ ಹಳೆಯ ಚಟ. ನನ್ನ ಅಕ್ಷರ ಎಲ್ಲಿಯೂ ಕಾಣಲಿಲ್ಲ.

ಒಂದು ಭಾನುವಾರ ಭದ್ರಾವತಿಗೆ ಮದುವೆಯೊಂದಕ್ಕೆ ಹೋಗಿದ್ದೆ. ಅಮ್ಮನ ಕಡೆಯ ದೂರದ ನೆಂಟರು. ಗುರುತಿನವರು ಯಾರೂ ಸಿಗದೆ, ಅಕ್ಷತೆ ಹಾಕಿ, ಎರಡನೇ ಪಂಕ್ತಿಯಲ್ಲಿ ಊಟ ಮುಗಿಸಿ ಬಸ್ಸಿಗೆ ನಡೆದು ಹೊರಟಿದ್ದೆ. ರಸ್ತೆಯ ಆಚೆ ಬದಿಯ ಸಣ್ಣ ಮಳಿಗೆಯೊಂದರ ಮೇಲೆ, ಕಪ್ಪು ಹಿನ್ನೆಲೆಯಲ್ಲಿ ಬಂಗಾರದ ಬಣ್ಣದಲ್ಲಿ 'ಜೆಂಟ್ಸ್ ಪಾರ್ಲರ್' ಎಂದಿತ್ತು. ನನ್ನ 'ಜೆ', ನನ್ನ ಡೈಮಂಡು, ನನ್ನ ಅರ್ಕಾವತ್ತು! ಲಾರಿಯೊಂದು ಹಾರನ್ ಹೊಡೆದ ಮೇಲೆಯೇ ನಾನು ರಸ್ತೆಯ ಮಧ್ಯೆ ನಿಂತಿದ್ದೇನೆಂದು ತಿಳಿದದ್ದು.

ಒಳಗೆ ಮೂವತ್ತೈದರ ಆಸುಪಾಸಿನ ಒಬ್ಬರು ಗಿರಾಕಿಯೊಬ್ಬರ ಗಡ್ಡಕ್ಕೆ ನೊರೆ ಹಚ್ಚುತ್ತಿದ್ದರು. ರೇಷ್ಮೆ ಸೀರೆಯಲ್ಲಿ ಬಾಗಿಲಲ್ಲಿ ನಿಂತ ನನ್ನನ್ನು ಕಂಡು, "ಮೇಡಂ, ಇದು ಜೆಂಟ್ಸ್‌ದು. ಲೇಡೀಸ್‌ದು ಮುಂದಿನ ಕ್ರಾಸಲ್ಲಿದೆ" ಎಂದರು.

"ಗೊತ್ತು. ನಿಮ್ಮ ಬೋರ್ಡ್ ನೋಡಿ ಬಂದೆ. ಆ ಅಕ್ಷರ ನಾನು ಬರೆದಿದ್ದು."

"ಇಲ್ಲ ಮೇಡಂ, ಅದು ಫ್ಲೆಕ್ಸ್ ಅಂಗಡೀಲಿ ಪ್ರಿಂಟ್ ಹಾಕ್ಸಿದ್ದು. ಕೈಯಲ್ಲಿ ಬರ್ದಿದ್ದಲ್ಲ."

ಕೆಳಗಿನ ಮನೆಯಾಕೆಗೆ ಹೇಳಿದ್ದನ್ನೇ ಇವರಿಗೂ ಹೇಳಿದೆ. ಅವರು ಬ್ರಷ್ ಹಿಡಿದುಕೊಂಡೇ ಹೊರಗೆ ಬಂದು ಬೋರ್ಡು ನೋಡಿದರು, ನನ್ನನ್ನು ನೋಡಿದರು. "ಇಷ್ಟೂ ನೀವೇನಾ? ಪೂರ್ತಿ ಅಆಇಈ?" ಎಂದರು. ಹೌದೆಂದೆ. ನೊರೆ ಹಚ್ಚಿಸಿಕೊಂಡ ಗಿರಾಕಿಯೂ ಕುರ್ಚಿಯಿಂದ ಕತ್ತು ಚಾಚಿ ನೋಡಿದರು.

"ಒಂದ್ ಮಾತ್ ಹೇಳ್ಲಾ ಮೇಡಂ? ಬೇಜಾರಾಗ್ಬೇಡಿ. ನೋಡೋಕೆ ರಾಯಲ್ ಆಗಿದೆ. ಆದ್ರೆ ಜನ 'ಜೆಂಟ್ಸ್ ವಾರ್ಲರ್' ಅಂತ ಓದ್ತಾರೆ. ನಮ್ಮ ಫ್ರೆಂಡ್ಸೆಲ್ಲ ಈಗ ನಂಗೆ ವಾರ್ಲರ್ ಅಂತಾನೇ ಕರೆಯೋದು."

ನಾನು ಮತ್ತೆ ಬೋರ್ಡು ನೋಡಿದೆ. ಅವರು ಹೇಳಿದ್ದು ನಿಜ. 'ಪ'ಕ್ಕೆ ಮೇಲೆ ಬಾಯಿ ತೆರೆದಿರಬೇಕು, 'ವ'ಕ್ಕೆ ಮುಚ್ಚಿರಬೇಕು. ನನ್ನ 'ಪ'ದ ಬಾಯಿ ಪರದೆಯ ಮೇಲೆ ಸಾಕಷ್ಟು ಕಂಡಿತ್ತು. ಹತ್ತು ಅಡಿ ಮೇಲೆ, ಬಿಸಿಲಿಗೆ ಹೊಳೆಯುವ ಫ್ಲೆಕ್ಸಿನಲ್ಲಿ ಅದು ಮುಚ್ಚಿಯೇ ಹೋಗಿತ್ತು. ನನಗೆ ನಗು ಬಂತು. ರಸ್ತೆಯಲ್ಲಿ ನಿಂತು ಗಟ್ಟಿಯಾಗಿ ನಕ್ಕು ಎಷ್ಟು ದಿನವಾಗಿತ್ತೋ.

"ಬೇರೆ ಎಷ್ಟೋ ಅಕ್ಷರ ಇದ್ವಲ್ಲ, ಇದನ್ನೇ ಯಾಕೆ ಆರಿಸಿದ್ರಿ?" ಎಂದು ಕೇಳಿದೆ.

"ನಾನಲ್ಲ, ನಮ್ ಚಿತ್ತಿ. ಕಂಪ್ಯೂಟರ್ ಮುಂದೆ ಕೂತ್ಕೊಂಡು, ಇದೇ ಬೇಕು, ಇದು ನಮ್ಮಪ್ಪನ ಕಲ್ಲಿನ ಥರ ಇದೆ ಅಂತ ಹಟ ಹಿಡಿದ್ರು." ಚಿತ್ತಿ ಎಂದರೆ ತಮಿಳಿನಲ್ಲಿ ಚಿಕ್ಕಮ್ಮ. "ಅವ್ರಿಗೆ ನಿಮ್ಮನ್ನ ತೋರಿಸ್ಬೇಕು ಮೇಡಂ. ಐದು ನಿಮಿಷ ಕೂತ್ಕೊಳ್ಳಿ, ಇವರ ಶೇವಿಂಗ್ ಮುಗಿಸ್ತೀನಿ."

ಚಿತ್ತಿಯ ಮನೆ ಉಕ್ಕಿನ ಕಾರ್ಖಾನೆಯ ಹಳೆಯ ಕ್ವಾರ್ಟರ್ಸುಗಳ ಸಾಲಿನಲ್ಲಿತ್ತು. ಹೆಚ್ಚುಕಡಿಮೆ ನನ್ನದೇ ವಯಸ್ಸು, ಐವತ್ತು ದಾಟಿದವರು, ನರ್ಸರಿ ಶಾಲೆಯೊಂದರಲ್ಲಿ ಟೀಚರಾಗಿದ್ದವರು. ಅಕ್ಕನ ಮಗ ಹೇಳಿದ್ದನ್ನೆಲ್ಲ ಕೇಳಿ ಅವರೇನೂ ಬೆರಗಾಗಲಿಲ್ಲ. "ಯಾರೋ ಒಬ್ರು ಬರ್ದಿರ್ಲೇಬೇಕಲ್ಲ" ಎಂದು ಟೀ ಇಡಲು ಹೋದರು. ನನ್ನ ಕೆಲಸವನ್ನು ಅಷ್ಟು ಸಲೀಸಾಗಿ ಒಪ್ಪಿಕೊಂಡವರು ಅವರೊಬ್ಬರೇ.

ಟೀ ಕುಡಿಯುತ್ತ ವಿಷಯ ಹೇಳಿದರು. ಅವರ ತಂದೆ ಸೇಲಂ ಕಡೆಯಿಂದ ಕಾರ್ಖಾನೆಯ ಕೆಲಸಕ್ಕೆ ಬಂದವರು. ತೀರಿಕೊಂಡಾಗ ಸಮಾಧಿಯ ಕಲ್ಲಿನ ಮೇಲೆ ಯಾರೋ ಈ ಬಗೆಯ ಇಂಗ್ಲಿಷ್ ಅಕ್ಷರ ಕೆತ್ತಿಕೊಟ್ಟರು. ತಾಯಿಯ ಕಲ್ಲಿಗೂ ಅದೇ ಆಯಿತು. "ನಮ್ಮಪ್ಪಂಗೆ ಇಂಗ್ಲಿಷ್ ಒಂದಕ್ಷರ ಬರ್ತಿರ್ಲಿಲ್ಲ. ಆದ್ರೂ ಅದು ನಮ್ಮ ಮನೆ ಅಕ್ಷರ ಆಗೋಯ್ತು. ಚಿಕ್ಕವರಿದ್ದಾಗ ನಾನೂ ಅಕ್ಕನೂ ಅದರ ಮೇಲೆ ಬೆರಳಿಟ್ಟು ತಿದ್ದೋದು." ಅಕ್ಕ ಎಂದರೆ ಸಲೂನಿನವರ ತಾಯಿ. ಅವರು ಹೋಗಿ ಒಂದು ವರ್ಷವಾಗುತ್ತ ಬಂದಿತ್ತು. ಸಮಾಧಿಗೆ ಇನ್ನೂ ಕಲ್ಲು ಹಾಕಿಸಿರಲಿಲ್ಲ. ಮನೆಯಲ್ಲಿ ಆಡುವುದು ತಮಿಳಾದರೂ ಅಕ್ಕ ತಂಗಿ ಇಬ್ಬರೂ ಶಾಲೆಯಲ್ಲಿ ಓದಿದ್ದು ಕನ್ನಡ. ಅಕ್ಕನಿಗೆ ತಮಿಳು ಓದಲು ಬರುತ್ತಿರಲಿಲ್ಲ. ಪ್ರಾರ್ಥನೆ ಮಾಡಿದರೂ, ಹಾಲಿನ ಲೆಕ್ಕ ಬರೆದರೂ ಕನ್ನಡದಲ್ಲೇ. "ಅವಳ ಕಲ್ಲಿನ ಮೇಲೆ ಅವಳಿಗೆ ಓದೋಕೆ ಬರ್ದೇ ಇರೋದು ಹಾಕ್ಸೋಕೆ ನಂಗೆ ಮನಸ್ಸಿಲ್ಲ. ಅಪ್ಪನ ಕಲ್ಲಿಗೆ ಹೊಂದ್ಕೋಬೇಕು, ಕನ್ನಡನೂ ಆಗ್ಬೇಕು. ನೀವು ಬರ್ಕೊಡ್ತೀರಾ?"

ಬರೆದುಕೊಡುತ್ತೇನೆ ಎಂದೆ. ಆಗಲೇ ಸಮಾಧಿಗೂ ಕರೆದುಕೊಂಡು ಹೋದರು. ಇಂಗ್ಲಿಷ್ ಕಲ್ಲುಗಳು ಮಳೆಗೆ ಕಪ್ಪಾಗಿ, ಗೆರೆಗಳ ಸಂದಿನಲ್ಲಿ ಪಾಚಿ ಕಟ್ಟಿದ್ದವು. ಪಕ್ಕದಲ್ಲಿ ಅಕ್ಕನದು, ಇನ್ನೂ ಮಣ್ಣಿನ ದಿಬ್ಬ, ತಲೆಯ ಕಡೆ ಮರದ ಶಿಲುಬೆ. ಚಿತ್ತಿ ಸೆರಗಿನಿಂದ ಶಿಲುಬೆಯ ಧೂಳು ಒರೆಸಿದರು. ನಾನು ಅವರ ಅಪ್ಪನ ಕಲ್ಲಿನ ಗೆರೆಗಳ ಅಗಲವನ್ನು ಬೆರಳಿನಿಂದ ಅಳೆದುಕೊಂಡೆ.

ಆ ಕೆಲಸದಷ್ಟು ಸುಖ ನನಗೆ ಬೇರೆ ಯಾವ ಕೆಲಸವೂ ಕೊಟ್ಟಿಲ್ಲ. ಫಾಂಟನ್ನು ಹಾಗೇ ಕೊಟ್ಟರೆ ಕಲ್ಲಿಗೆ ಆಗುವುದಿಲ್ಲ ಎಂಬುದು ಮೊದಲ ಪ್ರಯೋಗದಲ್ಲೇ ಗೊತ್ತಾಯಿತು. ಈಗ ಉಳಿ ಹಿಡಿದು ಕೆತ್ತುವವರು ಕಡಿಮೆ. ಅಕ್ಷರದ ಸ್ಟಿಕರ್ ಕತ್ತರಿಸಿ ಕಲ್ಲಿಗೆ ಅಂಟಿಸಿ, ಮಷಿನ್ನಿನಿಂದ ಮರಳು ಹೊಡೆಸಿ ಕೊರೆಯುತ್ತಾರೆ. ಒಂದು ಚೂರು ಗ್ರಾನೈಟಿನ ಮೇಲೆ 'ಅಮ್ಮ' ಎಂದು ಕೊರೆಸಿ ನೋಡಿದೆವು. 'ಮ'ಕ್ಕೂ ಅದರ ಒತ್ತಿಗೂ ನಡುವಿನ ಸಣ್ಣ ಬಿಳಿ ಎಗರಿಹೋಗಿ ಎರಡೂ ಒಂದೇ ಗುಂಡಿಯಾಗಿದ್ದವು. ಮತ್ತೆ ಕುಳಿತೆ. ಗೆರೆ ಸಣ್ಣದು ಮಾಡಿ ಬಿಳಿ ಹೆಚ್ಚಿಸಿದೆ. ಕೂದಲಿನಂಥ ಗೆರೆಗಳನ್ನು ತೆಗೆದುಹಾಕಿದೆ. 'ಪ'ದ ಬಾಯಿಯನ್ನು ಚೆನ್ನಾಗಿ ತೆರೆದೆ. ಇನ್ನು ಯಾರೂ ಅದನ್ನು 'ವ' ಎಂದು ಓದಬಾರದು.

ಏನು ಬರೆಯಬೇಕು ಎಂಬುದು ಮಾತ್ರ ತೀರ್ಮಾನವಾಗಿರಲಿಲ್ಲ. ಮೇಲೆ ಹೆಸರು, ಅದರ ಕೆಳಗೆ ಒಂದು ಸಾಲು. ಅಕ್ಕನ ಮಗ 'ಪ್ರೀತಿಯ ಅಮ್ಮ' ಎಂದು ಹಾಕಿಸೋಣ ಎಂದರು. ಚಿತ್ತಿ ಒಪ್ಪಲಿಲ್ಲ.

"ನಿಂಗೆ ಅಮ್ಮ. ನಂಗೆ?"

"ಚಿತ್ತಿ, ಎಲ್ರೂ ಅಮ್ಮ ಅಂತಾನೇ ಹಾಕ್ಸೋದು."

"ಹಾಕ್ಸ್ಲಿ. ನೀನು ಹುಟ್ಟೋಕೆ ಮುಂಚೆಯಿಂದ ಅವಳು ನಂಗೆ ಅಕ್ಕ. ಅದು ಕಲ್ಲಿನ ಮೇಲೆ ಬರ್ದೇ ಇದ್ರೆ ನಾನು ಯಾರು ಅಲ್ಲಿ?"

ಅವರು ಹಟಕ್ಕೆ ಆಡಿದ ಮಾತಲ್ಲ ಅದು. ಮಗ ತಲೆ ತಗ್ಗಿಸಿ, "ಸರಿ, ಎರಡೂ ಇರ್ಲಿ" ಎಂದರು. 'ಪ್ರೀತಿಯ ಅಮ್ಮ, ಅಕ್ಕ' ಎಂದಾಯಿತು.

ಬರೆದದ್ದನ್ನು ನೋಡಲು ಚಿತ್ತಿ ಒಂದು ಶನಿವಾರ ಗೋಪಾಳಕ್ಕೆ ಬಂದರು. ಪ್ರೈವೇಟ್ ಬಸ್ಸಿನಲ್ಲಿ ಬಂದು, ಆಟೋದವನಿಗೆ ದಾರಿ ಹೇಳಲು ನನಗೆ ಎರಡು ಸಲ ಫೋನ್ ಮಾಡಿ, ಕೈಯಲ್ಲಿ ಒಂದು ಪ್ಲಮ್ ಕೇಕು ಹಿಡಿದುಕೊಂಡು ಮೆಟ್ಟಿಲು ಹತ್ತಿದರು. ನನ್ನ ಮೇಜಿನ ಪಕ್ಕ ಇನ್ನೊಂದು ಕುರ್ಚಿ ಇರಲಿಲ್ಲ. ಅಡುಗೆಮನೆಯ ಸ್ಟೂಲು ತಂದೆ. ಪರದೆಯ ಮೇಲೆ 'ಅ' ಒಂದನ್ನೇ ದೊಡ್ಡದು ಮಾಡಿ ತೋರಿಸಿದೆ. ಅವರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು.

"ಇಲ್ಲಿ ಚೂಪಾಗಿದೆಯಲ್ಲ," ಎಂದು ಮುರಿದ ಮೂಲೆಯೊಂದನ್ನು ತೋರಿಸಿದರು.

"ದುಂಡಗೆ ಮಾಡ್ಲಾ?"

"ಬೇಡ ಬೇಡ. ನಮ್ಮಕ್ಕನ ಮೂಗು ಹಿಂಗೇ ಇತ್ತು. ಇರ್ಲಿ."

ಇಬ್ಬರೂ ನಕ್ಕೆವು. ಆಮೇಲೆ ಅವರು ಅತ್ತರು. ನಾನು ಏನು ಮಾಡಬೇಕೆಂದು ತೋಚದೆ ಒಳಗೆ ಹೋಗಿ ಅವಲಕ್ಕಿ ಒಗ್ಗರಣೆ ಹಾಕಿದೆ. ತಿನ್ನುತ್ತ ಅವರು ಅಕ್ಕನ ಕಥೆಗಳನ್ನು ಹೇಳಿದರು, ನಾನು ಅಮ್ಮನದು ಹೇಳಿದೆ. ಅಮ್ಮ ಹೋದ ಮೇಲೆ ಅವಳ ವಿಷಯವನ್ನು ಯಾರ ಮುಂದೆಯೂ ಅಷ್ಟು ಹೊತ್ತು ಮಾತಾಡಿರಲಿಲ್ಲ. ಸಂಜೆಯ ಬಸ್ಸಿಗೆ ಹತ್ತಿಸಿ ಮನೆಗೆ ಬಂದಾಗ, ದಿನವೆಲ್ಲ ಮಾತಾಡಿ ಗಂಟಲು ನೋಯುತ್ತಿತ್ತು.

ಕಲ್ಲು ನಿಲ್ಲಿಸಿದ ದಿನ ನನ್ನನ್ನೂ ಕರೆದರು. ಫಾದರ್ ಬಂದು ಪ್ರಾರ್ಥನೆ ಮಾಡಿ ತೀರ್ಥ ಚಿಮುಕಿಸಿದರು. ನೆಂಟರಲ್ಲಿ ಒಬ್ಬರು ಮುದುಕಿ, ಹಳೇನಗರದ ಕಡೆಯವರು, ಕಲ್ಲಿನ ಹತ್ತಿರ ಬಗ್ಗಿ ಬೆರಳಿಟ್ಟು ಗಟ್ಟಿಯಾಗಿ ಓದಿದರು: "ಪ್ರೀ...ತಿಯ...ಅಮ್ಮ...ಅಕ್ಕ." ನಾನು ಅವರ ಬೆರಳನ್ನೇ ನೋಡುತ್ತಿದ್ದೆ. 'ಪ್ರೀ' ಎಂದೇ ಓದಿದರು. ಮೂರು ಕಲ್ಲುಗಳು ಸಾಲಾಗಿ ನಿಂತಿದ್ದವು. ಎರಡು ಹಳೆಯವು, ಒಂದು ಹೊಸದು. ದೂರದಿಂದ ನೋಡಿದರೆ ಯಾವುದು ಇಂಗ್ಲಿಷ್, ಯಾವುದು ಕನ್ನಡ ಎಂದು ಗೊತ್ತಾಗುತ್ತಿರಲಿಲ್ಲ. ಒಂದೇ ಮನೆಯವರು ಎಂಬುದು ಮಾತ್ರ ಗೊತ್ತಾಗುತ್ತಿತ್ತು.

ಊಟಕ್ಕೆ ಕ್ವಾರ್ಟರ್ಸಿನ ಮುಂದೆ ಶಾಮಿಯಾನ ಹಾಕಿದ್ದರು. ಎಲ್ಲರಿಗೂ ಬಿರಿಯಾನಿ. ನನ್ನೊಬ್ಬಳಿಗೆಂದು ಚಿತ್ತಿ ಬೇರೆ ಪಾತ್ರೆಯಲ್ಲಿ ಚಿತ್ರಾನ್ನ, ಮೊಸರನ್ನ ಮಾಡಿಟ್ಟಿದ್ದರು. "ಇವ್ರೇ ಅಕ್ಷರದೋರು" ಎಂದು ಬಂದವರಿಗೆಲ್ಲ ಪರಿಚಯಿಸಿದರು. ಜನ ನಮಸ್ಕಾರ ಹೇಳಿ ತಮಿಳಿನಲ್ಲಿ ತಮ್ಮ ತಮ್ಮ ಮಾತಿಗೆ ಮರಳಿದರು. ಅದು ಸಹಜ. ನಾನು ಮೂಲೆಯ ಕುರ್ಚಿಯಲ್ಲಿ ಕೂತು, ಅರ್ಥವಾಗದ ಮಾತು ಕೇಳುತ್ತ ಚಿತ್ರಾನ್ನ ತಿಂದೆ. ಮದುವೆಮನೆಯಲ್ಲಿ ಒಂಟಿಯಾಗಿ ಉಂಡಂತೆ ಅನ್ನಿಸಲಿಲ್ಲ.

ಆ ಕಲ್ಲಿನ ಫೋಟೋ ಒಂದನ್ನು ಕಂಪನಿಗೆ ಕಳಿಸಬಹುದಿತ್ತು. ಫಾಂಟು ಎಲ್ಲೆಲ್ಲಿ ಬಳಕೆಯಾಗಿದೆ ಎಂದು ಅವರು ತಮ್ಮ ವೆಬ್‌ಸೈಟಿನಲ್ಲಿ ಹಾಕಿಕೊಳ್ಳುತ್ತಾರೆ. ಸಲೂನಿನ ಬೋರ್ಡಿನ ಫೋಟೋ ಕಳಿಸಿದೆ. ಅದರ ಜೊತೆ ತಿದ್ದಿದ 'ಪ'ವನ್ನೂ ಕಳಿಸಿದೆ. ಕಲ್ಲಿನದು ಕಳಿಸಲಿಲ್ಲ. ಅದು ಆ ಮನೆಯವರದು.

ಮುಂದಿನ ಕೆಲವು ತಿಂಗಳು ನನ್ನ ಶನಿವಾರಗಳು ಬದಲಾದವು. ಒಂದು ವಾರ ನಾನು ಭದ್ರಾವತಿಗೆ, ಇನ್ನೊಂದು ವಾರ ಚಿತ್ತಿ ಇಲ್ಲಿಗೆ. ಹೆಚ್ಚೇನೂ ಮಾಡುತ್ತಿರಲಿಲ್ಲ. ಮಾರ್ಕೆಟ್ಟಿಗೆ ಹೋಗುವುದು, ಹೊಳೆಯ ಸೇತುವೆ ಮೇಲೆ ನಿಂತು ನೀರು ನೋಡುವುದು, ಯಾವುದಾದರೂ ಬೋರ್ಡು ಕಂಡರೆ ಅದರ ಅಕ್ಷರವನ್ನು ಬೈಯುವುದು. ಬೈಯುವುದನ್ನು ಅವರು ನನಗಿಂತ ಬೇಗ ಕಲಿತರು. "ನೋಡಿ, ಆ ಬೇಕರಿ 'ಬ' ಗರ್ಭಿಣಿ ಥರ ಇದೆ" ಎನ್ನುತ್ತಿದ್ದರು. ಮೇಜಿನ ಪಕ್ಕಕ್ಕೆ ನಾನು ಸರಿಯಾದ ಒಂದು ಕುರ್ಚಿ ತಂದಿಟ್ಟೆ.

ಆದರೆ ಸೇಲಂನಲ್ಲಿದ್ದ ಅವರ ಮಗಳಿಗೆ ಎರಡನೇ ಹೆರಿಗೆ. ಬಾಣಂತನಕ್ಕೆಂದು ಹೊರಟವರು, ಕ್ವಾರ್ಟರ್ಸನ್ನೂ ಬಿಟ್ಟುಕೊಡಬೇಕಾಗಿ ಬಂದದ್ದರಿಂದ ಸಾಮಾನು ಕಟ್ಟಿಕೊಂಡೇ ಹೊರಟರು. ನಾನು ಭದ್ರಾವತಿಗೆ ಹೋಗಿ ಪಾತ್ರೆಗಳನ್ನು ಪೇಪರಿನಲ್ಲಿ ಸುತ್ತಿಕೊಟ್ಟೆ. "ಬರ್ತಾ ಇರ್ತೀನಿ ಮೇಡಂ, ಎಲ್ಲಿ ಹೋಗ್ತೀನಿ?" ಎಂದರು. ಮೇಡಂ ಅನ್ನಬೇಡಿ ಎಂದು ಎಷ್ಟು ಸಲ ಹೇಳಿದರೂ ಅವರ ನಾಲಿಗೆಗೆ ಬೇರೆ ಬರುತ್ತಿರಲಿಲ್ಲ. ಸ್ಟೇಷನ್ನಿನಲ್ಲಿ ಅಕ್ಕನ ಮಗ ಸಾಮಾನು ಏರಿಸುವ ಗಡಿಬಿಡಿಯಲ್ಲಿದ್ದರು. ನಾವಿಬ್ಬರೂ ಕಿಟಕಿಯ ಸರಳು ಹಿಡಿದುಕೊಂಡು, ರೈಲು ಹೊರಡುವವರೆಗೆ ತೆಂಗಿನಕಾಯಿಯ ರೇಟು ಮಾತಾಡಿದೆವು.

ಮೊದಮೊದಲು ವಾರಕ್ಕೊಂದು ಫೋನ್ ಬರುತ್ತಿತ್ತು. ಆಮೇಲೆ ಕೂಸಿನ ಗಲಾಟೆಯಲ್ಲಿ ಅವರಿಗೆ ಪುರಸೊತ್ತು ಕಡಿಮೆಯಾಯಿತು. ಫೋನಿನ ಹಿಂದೆ ಕೂಸು ಅಳುವುದು, ಯಾರೋ ಕರೆಯುವುದು ಕೇಳುತ್ತಿತ್ತು. "ಆಮೇಲೆ ಮಾಡ್ತೀನಿ" ಎಂದು ಇಡುತ್ತಿದ್ದರು. ನನಗೆ ಅವರ ಮೇಲೆ ಬೇಸರವಾಗಲಿಲ್ಲ. ಅವರ ಮನೆಯಲ್ಲಿ ಸದ್ದು ತುಂಬಿತ್ತು, ನನ್ನಲ್ಲಿ ಇರಲಿಲ್ಲ, ಅಷ್ಟೇ. ಶನಿವಾರ ಬಂದರೆ ಮಾತ್ರ ಕೆಲಸಕ್ಕೆ ಕೈ ಹೋಗುತ್ತಿರಲಿಲ್ಲ. ಕುರ್ಚಿಯ ಮೇಲೆ ಒಗೆದ ಬಟ್ಟೆ ಸೇರತೊಡಗಿತು.

ನವೆಂಬರಿನ ಶುರುವಿನಲ್ಲಿ ಅವರೇ ಫೋನ್ ಮಾಡಿದರು. ಸತ್ತವರನ್ನು ನೆನೆಯುವ ದಿನ ಬಂದಿದೆ, ಸಮಾಧಿಗಳಿಗೆ ಹೂವು, ಮೇಣದಬತ್ತಿ ಇಡಬೇಕು, ಕೂಸನ್ನು ಬಿಟ್ಟು ತನಗೆ ಬರಲಾಗುವುದಿಲ್ಲ ಎಂದರು. "ಅವನು ಬೆಳಿಗ್ಗೆನೇ ಹೋಗಿ ಹೂವು ಹಾಕಿ ಬರ್ತಾನಂತೆ, ಸಾಯಂಕಾಲ ಸಲೂನ್ ಬಿಟ್ಟು ಬರೋಕಾಗಲ್ಲ ಅಂತಾನೆ. ಸಾಯಂಕಾಲ ಅಕ್ಕನ ಹತ್ರ ಯಾರೂ ಇರಲ್ಲ. ನೀವು ಹೋಗ್ತೀರಾ? ನಿಮ್ಮಲ್ಲಿ ಅದೆಲ್ಲ ಇಲ್ಲ ಅಂತ ಗೊತ್ತು."

ಹೋದೆ. ಗೇಟಿನ ಹತ್ತಿರ ಸೇವಂತಿಗೆ, ಚೆಂಡು ಹೂವು, ಮೇಣದಬತ್ತಿ ಮಾರುತ್ತಿದ್ದರು. ಒಳಗೆ ಎಲ್ಲ ಸಮಾಧಿಗಳ ಸುತ್ತಲೂ ಮನೆಮಂದಿ ಗುಂಪುಗುಂಪಾಗಿ ಕೂತಿದ್ದರು. ಮಕ್ಕಳು ಕಲ್ಲಿನಿಂದ ಕಲ್ಲಿಗೆ ಹಾರುತ್ತಿದ್ದವು, ಹೆಂಗಸರು ಬೈಯುತ್ತಿದ್ದರು. ನಾನು ಚಿತ್ತಿಯ ಅಪ್ಪನಿಗೆ ಒಂದು, ಅವರ ಅಮ್ಮನಿಗೆ ಒಂದು, ಅಕ್ಕನಿಗೆ ಒಂದು ಬತ್ತಿ ಹಚ್ಚಿದೆ. ಗಾಳಿಗೆ ಅಕ್ಕನದು ಆರುತ್ತಲೇ ಇತ್ತು. ಕೈ ಅಡ್ಡ ಹಿಡಿದು ಕೂತೆ. ಕಲ್ಲಿನ ತಲೆಯ ಮೇಲಿಟ್ಟ ಬತ್ತಿಯಿಂದ ಕರಗಿದ ಮೇಣ ಹರಿದು 'ಕ್ಕ'ದ ಒತ್ತಿನೊಳಗೆ ಇಳಿಯಿತು. ಆರಿದ ಮೇಲೆ ಉಗುರಿನಿಂದ ಮೆಲ್ಲಗೆ ಕೆರೆದು ತೆಗೆದೆ. ಬಿಳಿಗೆ ನಾನು ಬಿಟ್ಟಿದ್ದ ಜಾಗ ಗಟ್ಟಿಯಾಗಿ ನಿಂತಿತ್ತು, ಎಲ್ಲೂ ಎಗರಿರಲಿಲ್ಲ.

ಪಕ್ಕದ ಸಮಾಧಿಯ ಹತ್ತಿರ ಮಗಳು, ಅಳಿಯ, ಮೊಮ್ಮಕ್ಕಳ ಜೊತೆ ಕೂತಿದ್ದ ಹೆಂಗಸೊಬ್ಬರು ನನ್ನನ್ನೇ ನೋಡುತ್ತಿದ್ದರು. ನನ್ನ ಹಣೆಯ ಕುಂಕುಮ ನೋಡಿದರೇನೋ. ಒಂದೊಂದೇ ಸಮಾಧಿಗೆ ತೀರ್ಥ ಚಿಮುಕಿಸುತ್ತ ಬರುತ್ತಿದ್ದ ಫಾದರ್ ನಮ್ಮ ಸಾಲಿಗೆ ತಲುಪಲು ಇನ್ನೂ ತಡವಿತ್ತು. ಅವರೇ ಮಾತು ತೆಗೆದರು.

"ನೀವೊಬ್ರೇ ಬಂದ್ರಾ?"

"ಹೂಂ."

"ಇವ್ರು ನಿಮಗೆ ಏನಾಗ್ಬೇಕು?"

ಏನೆಂದು ಹೇಳುವುದು? ಚಿತ್ತಿಯ ಅಕ್ಕನನ್ನು ನಾನು ನೋಡಿಯೇ ಇರಲಿಲ್ಲ. ಅವರ ಫೋಟೋ ಒಂದನ್ನು ಚಿತ್ತಿಯ ಮನೆಯ ಗೋಡೆಯಲ್ಲಿ ಕಂಡಿದ್ದೆ. ಮೂಗು ಚೂಪಾಗಿತ್ತು. ಅವರ ಹೆಸರಿನ ಒಂದೊಂದು ಅಕ್ಷರವನ್ನೂ ನಾನು ಇಡೀ ದಿನ ನೋಡುತ್ತ ಕೂತದ್ದುಂಟು.

"ನಮ್ಮ ಸ್ನೇಹಿತೆಯ ಅಕ್ಕ" ಎಂದೆ.

ಆ ಹೆಂಗಸು ತಲೆಯಾಡಿಸಿ, ತಮ್ಮ ಕವರಿನಿಂದ ಎರಡು ಮೇಣದಬತ್ತಿ ತೆಗೆದು ನನ್ನ ಕೈಗೆ ಕೊಟ್ಟರು. "ನಿಮ್ದು ಗಾಳಿಗೆ ಬೇಗ ಮುಗಿಯುತ್ತೆ, ಇಟ್ಕೊಳ್ಳಿ" ಎಂದು ತಮ್ಮವರ ಕಡೆಗೆ ತಿರುಗಿದರು. ಫಾದರ್ ಬಂದು ಹೋಗುವವರೆಗೆ ಕೂತಿದ್ದೆ. ಆಮೇಲೆ ಎದ್ದು ಸೀರೆಗೆ ಹತ್ತಿದ್ದ ಮಣ್ಣು ಕೊಡವಿಕೊಂಡು, ಶಿವಮೊಗ್ಗದ ಬಸ್ಸಿಗೆ ನಡೆದೆ. ಬಸ್ಸಿನಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕಿತು. ಚಿತ್ತಿಗೆ ಫೋನ್ ಮಾಡಿದೆ. ತುಂಬ ಹೊತ್ತು ರಿಂಗಾಗಿ ನಿಂತಿತು. ಕೂಸನ್ನು ಮಲಗಿಸುತ್ತಿರಬೇಕು ಎಂದುಕೊಂಡು, ಮೂರೂ ಬತ್ತಿ ಹಚ್ಚಿದೆ, ಎಲ್ಲ ಸರಿಯಾಗಿ ಆಯಿತು ಎಂದು ಮೆಸೇಜು ಬರೆದು ಕಳಿಸಿದೆ.